ಬಯೋಡೇಟಾದ ಖಾಲಿ ವರ್ಷಗಳು

ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅದಾಗಿ ವಾರ ಕಳೆದು ಜೂನ್ 1 ಬಂದಾಗ ಮಲ್ಪೆಯ ಯಾಂತ್ರೀಕೃತ ಬೋಟುಗಳೂ ದಕ್ಕೆ ಸೇರುತ್ತವೆ. ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲ. ನವೆಂಬರ್ ಸುಮಾರಿಗೆ ಮೇಳ ಮತ್ತೆ ತಿರುಗಾಟಕ್ಕೆ ಹೊರಡುವಾಗ ಯಜಮಾನರು ವೇಷಧಾರಿಯನ್ನು ಎದುರು ಕೂರಿಸಿ, ಮಳೆಗಾಲವಿಡೀ ಏನು ಮಾಡಿದಿರಿ ಎಂದು ವಿಚಾರಣೆ ಮಾಡುವುದಿಲ್ಲ. ಬೋಟಿನ ತಂಡೇಲನನ್ನೂ ಯಾರೂ ಕೇಳುವುದಿಲ್ಲ. ದುಡಿಮೆಗೆ ನಡುನಡುವೆ ಬಿಡುವು ಬೀಳುವುದು ನಮ್ಮ ಕರಾವಳಿಗೆ ಹೊಸದಲ್ಲ.

ಅದೇ ತಂಡೇಲನ ಮಗಳು ಬಿ.ಕಾಂ. ಮುಗಿಸಿ, ಮೂರು ವರ್ಷ ಕೆಲಸ ಮಾಡಿ, ಎರಡು ವರ್ಷ ಮನೆಯಲ್ಲಿದ್ದು, ಮಣಿಪಾಲದ ಯಾವುದೋ ಕಚೇರಿಯಲ್ಲಿ ಸಂದರ್ಶನಕ್ಕೆ ಕೂತಾಗ ಮಾತ್ರ ಪ್ರಶ್ನೆ ಬರುತ್ತದೆ: "ಇಲ್ಲಿ ಎರಡು ವರ್ಷ ಗ್ಯಾಪ್ ಉಂಟಲ್ಲ, ಎಂತ ಮಾಡ್ತಾ ಇದ್ರಿ?" ಅವಳ ಬಾಯಿ ಒಣಗುತ್ತದೆ. ಕೇಳಿದವರಿಗೆ ಬೇಕಾದದ್ದು ಹೆಚ್ಚಿನ ಸಲ ಒಂದು ಸಾಲಿನ ಉತ್ತರ. ಅವಳಿಂದ ಬರುವುದು ಒಂದೋ ಕಟ್ಟುಕತೆ, ಇಲ್ಲವೇ ಮನೆಯ ಪುರಾಣವಿಡೀ. ಈ ಅಧ್ಯಾಯ ಇವೆರಡನ್ನೂ ಬಿಟ್ಟ ಮೂರನೆಯ ದಾರಿಯ ಕುರಿತು.

ಆ ದಾರಿ ಕಷ್ಟದ್ದೇನಲ್ಲ. ದಿನಾಂಕದಲ್ಲಿ ಒಂದು ತಿಂಗಳನ್ನೂ ಆಚೀಚೆ ಮಾಡಬೇಡಿ. ಕಾರಣವನ್ನು ಬೇಕಾದಷ್ಟೇ ಹೇಳಿ. ನೀವು ಎಷ್ಟು ಕಾಲ ಕೆಲಸದಲ್ಲಿರಲಿಲ್ಲ ಎಂದು ತಿಳಿಯುವ ಹಕ್ಕು ಕೆಲಸ ಕೊಡುವವರಿಗಿದೆ. ಆ ಕಾಲದಲ್ಲಿ ಮನೆಯೊಳಗೆ ಏನೇನಾಯಿತು ಎಂಬುದು ನಿಮ್ಮ ಸ್ವತ್ತು. ನಮ್ಮವರು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತಾರೆ. ದಿನಾಂಕವನ್ನು ಎಳೆದು ಉದ್ದ ಮಾಡುತ್ತಾರೆ, ಮುಚ್ಚಿಡಬಹುದಾದ ಸಂಗತಿಯನ್ನೆಲ್ಲ ಕಣ್ಣೀರಿನೊಂದಿಗೆ ಹೇಳಿಬಿಡುತ್ತಾರೆ.

ನಮ್ಮಲ್ಲಿ ಗ್ಯಾಪ್ ಬೀಳುವ ಬಗೆ

ಕಟಪಾಡಿ ಪೇಟೆಯಿಂದ ಪೂರ್ವಕ್ಕೆ ಹೊರಳಿದರೆ ಶಂಕರಪುರ, ಶಿರ್ವ. ಪಶ್ಚಿಮಕ್ಕೆ ಇಳಿದರೆ ಮಟ್ಟು. ಎರಡು ಕಡೆಯೂ ಒಂದು ಬಗೆಯ ಮನೆ ಕಣ್ಣಿಗೆ ಬೀಳುತ್ತದೆ: ದೊಡ್ಡ ತಾರಸಿ ಮನೆ, ಗೇಟಿಗೆ ಹೊಸ ಬಣ್ಣ, ಒಳಗೆ ಇಬ್ಬರೇ ಮುದುಕರು. ಒಬ್ಬ ಮಗ ಮುಂಬಯಿಯಲ್ಲಿ, ಇನ್ನೊಬ್ಬ ದುಬೈಯಲ್ಲಿ. ತಾಯಿ ಬಚ್ಚಲಲ್ಲಿ ಜಾರಿ ಬಿದ್ದ ದಿನ ಈ ಮನೆಯ ಮೂರನೆಯ ಮಗುವಿನ ಬಯೋಡೇಟಾದಲ್ಲಿ ಗ್ಯಾಪ್ ಶುರುವಾಗುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುವುದು ಹೆಚ್ಚಾಗಿ ಮಗಳು, ಕೆಲವೊಮ್ಮೆ ಕಿರಿಯ ಮಗ. ಅಣ್ಣಂದಿರ ಸಂಬಳ ಏರುತ್ತಾ ಹೋಗುತ್ತದೆ, ಇವಳ ಅನುಭವದ ಲೆಕ್ಕ ನಿಂತಲ್ಲೇ ನಿಲ್ಲುತ್ತದೆ. ಈ ಜಿಲ್ಲೆಯ ಗ್ಯಾಪುಗಳಲ್ಲಿ ನಾಚಿಕೆಪಡಲು ತೀರಾ ಕಡಿಮೆ ಕಾರಣವಿರುವುದು ಇದಕ್ಕೇ, ಆದರೆ ಹೇಳಲು ಅತಿ ಹೆಚ್ಚು ತಡವರಿಸುವವರೂ ಇವರೇ.

ಗಲ್ಫಿನಿಂದ ಬಂದವರದು ಇನ್ನೊಂದು ಬಗೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಏರ್ ಇಂಡಿಯಾ ವಿಮಾನಗಳಲ್ಲಿ ಮರಳಿದರು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಮೂವತ್ತು ವರ್ಷದ ಮೇಲೆ, 2020ರ ಮೇ 12ರಂದು, ಕೊರೊನಾ ಕಾಲದ ವಂದೇ ಭಾರತ್ ಕಾರ್ಯಾಚರಣೆಯಲ್ಲಿ ದುಬೈಯಿಂದ ಮೊದಲ ವಿಮಾನ ಮಂಗಳೂರಿಗೆ ಬಂದಿಳಿಯಿತು. ಎರಡೂ ಸಲ ಮರಳಿದವರಲ್ಲಿ ಕೆಲಸ ಹೋದದ್ದು ತಮ್ಮ ತಪ್ಪಿನಿಂದಲ್ಲ ಎಂದು ಲೋಕಕ್ಕೇ ಗೊತ್ತಿದ್ದವರು ತುಂಬ ಮಂದಿ. ಆದರೂ "ವೀಸಾ ಕ್ಯಾನ್ಸಲ್ ಮಾಡಿ ಬಂದದ್ದು" ಎಂದು ಹೇಳುವಾಗ ದನಿ ತಗ್ಗುತ್ತದೆ.

ಪರೀಕ್ಷೆಗೆ ಓದುತ್ತಾ ಕೂತವರು ಮೂರನೆಯ ಗುಂಪು. ಇದರ ತುದಿ ನೋಡಬೇಕಾದರೆ ಪಿಎಸ್‌ಐ ನೇಮಕಾತಿ ಸಾಕು. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು; ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು; ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಬರೆದು ಕಾದವರ ಬಯೋಡೇಟಾದಲ್ಲಿ ಎರಡು ವರ್ಷದ ಮೇಲೆ ಖಾಲಿ. ಅದನ್ನು ಖಾಲಿ ಬಿಟ್ಟದ್ದು ಅವರಲ್ಲ.

ಇಲ್ಲಿ ಅಪ್ಪಂದಿರ ಬಗ್ಗೆ ಒಂದು ಮಾತು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, ಮಂಗಳೂರಿನಲ್ಲಿ 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಸೀಮೆ ಇದು. "ಬ್ಯಾಂಕಿಗೆ ಸೇರಿದ" ಎಂದರೆ ನಿವೃತ್ತಿಯ ಹಾರ ಬೀಳುವ ತನಕ ಅದೇ ಬ್ಯಾಂಕು. ಆ ತಲೆಮಾರಿಗೆ ಬಯೋಡೇಟಾ ಎರಡನೆಯ ಸಲ ಬರೆಯುವ ಪ್ರಸಂಗವೇ ಬರಲಿಲ್ಲ. ಮಕ್ಕಳ ಗ್ಯಾಪಿನ ಬಗ್ಗೆ ಊಟದ ಹೊತ್ತಿಗೆ ಉಪದೇಶ ಕೊಡುವವರಲ್ಲಿ ಅವರೇ ಮುಂದು. ಆ ಮೂರು ಬ್ಯಾಂಕುಗಳ ಹೆಸರು 2019 ಮತ್ತು 2020ರ ವಿಲೀನಗಳಲ್ಲಿ ಅಳಿದುಹೋದದ್ದನ್ನು ಅವರಿಗೆ ಮೆಲ್ಲಗೆ ನೆನಪಿಸಬಹುದು.

ದಿನಾಂಕ ಎಲ್ಲಿಂದೆಲ್ಲ ಗೊತ್ತಾಗುತ್ತದೆ

ಮಾರ್ಚಿನಲ್ಲಿ ಬಿಟ್ಟ ಕೆಲಸವನ್ನು ಡಿಸೆಂಬರಿನಲ್ಲಿ ಬಿಟ್ಟೆ ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ ಒಂದು ಕಾಲದಲ್ಲಿ ನಡೆಯುತ್ತಿತ್ತು. 2014ರಲ್ಲಿ ಭವಿಷ್ಯನಿಧಿ ಸಂಸ್ಥೆ ಯುಎಎನ್ ಎಂಬ ಹನ್ನೆರಡು ಅಂಕಿಯ ಸಂಖ್ಯೆ ತಂದ ಮೇಲೆ ಆ ಬಾಗಿಲು ಮುಚ್ಚಿತು. ಅಲ್ಲಿಯವರೆಗೆ ಕಂಪನಿ ಬದಲಾದಂತೆ ಪಿಎಫ್ ಖಾತೆಯೂ ಬೇರೆಯಾಗಿ ಒಂದಕ್ಕೊಂದು ಸಂಬಂಧವಿಲ್ಲದೆ ಉಳಿಯುತ್ತಿತ್ತು. ಈಗ ಒಂದೇ ಸಂಖ್ಯೆಯಡಿ ಎಲ್ಲ ಮಾಲೀಕರ ಹೆಸರು, ಸೇರಿದ ದಿನ, ಬಿಟ್ಟ ದಿನ ಸಾಲಾಗಿ ನಿಲ್ಲುತ್ತವೆ. ಹೊಸ ಕಂಪನಿಯ ಪರವಾಗಿ ಹಿನ್ನೆಲೆ ಪರಿಶೀಲನೆ ಮಾಡುವವರು ಇದರ ಪ್ರತಿಯನ್ನು ನಿಮ್ಮಿಂದಲೇ ಕೇಳಿ ಪಡೆಯುತ್ತಾರೆ. ಆದಾಯ ತೆರಿಗೆಯ 26ಎಎಸ್ ಪಟ್ಟಿ ಇನ್ನೊಂದು ಸಾಕ್ಷಿ. ಯಾವ ಮಾಲೀಕರು ಯಾವ ತಿಂಗಳು ತೆರಿಗೆ ಮುರಿದರು ಎಂದು ಅದು ಹೇಳಿಬಿಡುತ್ತದೆ. ಸಾಫ್ಟ್‌ವೇರ್ ಕ್ಷೇತ್ರದಲ್ಲಂತೂ ನೌಕರರ ವಿವರ ಪರಿಶೀಲಿಸಿ ಇಡಲೆಂದೇ ನಾಸ್ಕಾಂ 2006ರಲ್ಲಿ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಆರಂಭಿಸಿತು.

ಆದ್ದರಿಂದ ಅರ್ಜಿ ಹಾಕುವ ಮೊದಲು ಉಮಂಗ್ ಆ್ಯಪಿನಲ್ಲೋ ಇಪಿಎಫ್‌ಓ ಜಾಲತಾಣದಲ್ಲೋ ನಿಮ್ಮ ಸರ್ವಿಸ್ ಹಿಸ್ಟರಿ ತೆರೆದು ನೋಡಿ. ಸುಳ್ಳು ಹೇಳುವ ಉದ್ದೇಶವೇ ಇಲ್ಲದವರಿಗೂ ಅಲ್ಲೊಂದು ಗುಂಡಿ ಇರುತ್ತದೆ: ಹಳೆಯ ಕಂಪನಿ ನೀವು ಬಿಟ್ಟ ದಿನವನ್ನು ತುಂಬಿಯೇ ಇರುವುದಿಲ್ಲ, ಅಥವಾ ತಪ್ಪು ತುಂಬಿರುತ್ತದೆ. ದಾಖಲೆಯ ಪ್ರಕಾರ ನೀವು ಇನ್ನೂ ಅಲ್ಲೇ ಇದ್ದೀರಿ, ಅರ್ಜಿಯ ಪ್ರಕಾರ ಬಿಟ್ಟು ವರ್ಷವಾಯಿತು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಬಿಟ್ಟ ದಿನಾಂಕವನ್ನು ಸದಸ್ಯರೇ ಆನ್‌ಲೈನಿನಲ್ಲಿ ದಾಖಲಿಸುವ ಅವಕಾಶವಿದೆ. ಮೊದಲು ಅದನ್ನು ಮಾಡಿ. ತಪ್ಪು ದಿನಾಂಕವಿದ್ದರೆ ಹಳೆಯ ಕಂಪನಿಗೆ ಬರೆದು ತಿದ್ದಿಸಿ. ಬರೆದ ಮೇಲ್ ಜೋಪಾನ.

ಪಿಎಫ್ ಇಲ್ಲದ ಜಾಗದಲ್ಲಿ ದುಡಿದವರ ಪಾಡು ಬೇರೆ. ಇಪ್ಪತ್ತಕ್ಕಿಂತ ಕಡಿಮೆ ಮಂದಿ ಇರುವ ಅಂಗಡಿ, ಕ್ಲಿನಿಕ್, ಹೋಟೆಲು, ಟ್ಯಾಕ್ಸ್ ಕನ್ಸಲ್ಟೆಂಟರ ಕಚೇರಿಗಳಿಗೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯವಲ್ಲ. ಕಟಪಾಡಿ, ಕಾಪು, ಕಾರ್ಕಳ ಪೇಟೆಗಳಲ್ಲಿ ಇಂಥ ಕೆಲಸ ಬೇಕಾದಷ್ಟು. ನಾಲ್ಕು ವರ್ಷ ದುಡಿದದ್ದಕ್ಕೆ ಕಾಗದದ ಚೂರೂ ಇಲ್ಲದೆ, ಮಾಡಿದ ಕೆಲಸವೇ ಗ್ಯಾಪಿನಂತೆ ಕಾಣುವ ವಿಚಿತ್ರ ಇಲ್ಲಾಗುತ್ತದೆ. ಬಿಡುವ ದಿನವೇ ಮಾಲೀಕರ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ: ಯಾವ ದಿನದಿಂದ ಯಾವ ದಿನದವರೆಗೆ, ಯಾವ ಕೆಲಸ, ಸಹಿ, ಮೊಹರು. ತಡವಾಗಿದ್ದರೆ ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ನೆರವಿಗೆ ಬರುತ್ತದೆ. ಕೈಗೆ ನಗದು ಪಡೆದವರು ಮಾಲೀಕರ ಫೋನ್ ನಂಬರು ಕೊಟ್ಟು, "ದಾಖಲೆ ಇಲ್ಲ, ಇವರನ್ನು ಕೇಳಬಹುದು" ಎಂದು ನೇರವಾಗಿ ಬರೆಯುವುದೇ ವಾಸಿ.

ಕೇಳಿದ್ದಕ್ಕೆ ಸುಳ್ಳಿಲ್ಲ, ಕೇಳಬಾರದ್ದಕ್ಕೆ ಉತ್ತರವಿಲ್ಲ

ಸತ್ಯ ಹೇಳುವುದೆಂದರೆ ಎಲ್ಲವನ್ನೂ ಹೇಳುವುದೇ? ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗೆರೆ ಎಲ್ಲಿದೆ ಎಂದು ತಿಳಿಯುತ್ತದೆ.

ಮೊದಲನೆಯದು ನೀರಾ ಮಾಥುರ್ ಪ್ರಕರಣ. 1989ರಲ್ಲಿ ಆಕೆ ಜೀವ ವಿಮಾ ನಿಗಮದಲ್ಲಿ ಸಹಾಯಕಿಯ ಹುದ್ದೆಗೆ ಆಯ್ಕೆಯಾದರು. ಸೇರುವ ಮೊದಲು ತುಂಬಬೇಕಾದ ಘೋಷಣಾ ಪತ್ರದಲ್ಲಿ ಮುಟ್ಟಿನ ದಿನಾಂಕ, ಹಿಂದಿನ ಬಸಿರುಗಳ ವಿವರ ಎಲ್ಲ ಕೇಳಿದ್ದರು. ಆಕೆ ಗರ್ಭಿಣಿಯಾಗಿದ್ದರು, ಬರೆದ ದಿನಾಂಕ ಸರಿಯಿರಲಿಲ್ಲ. ಪ್ರೊಬೇಷನ್ ಅವಧಿಯಲ್ಲಿ ಹೆರಿಗೆ ರಜೆ ಹಾಕಿದಾಗ ಇದು ಹೊರಬಿದ್ದು, ಸುಳ್ಳು ಹೇಳಿದರೆಂದು ನಿಗಮ ಅವರನ್ನು ಕೆಲಸದಿಂದ ತೆಗೆಯಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿದ್ದಷ್ಟೇ ಅಲ್ಲ, ಹೆಣ್ಣಿನ ಮಾನಕ್ಕೆ ಕುಂದು ತರುವ ಅಂಥ ಕಾಲಂಗಳನ್ನೇ ಪತ್ರದಿಂದ ತೆಗೆದುಹಾಕಬೇಕು ಎಂದಿತು. ಕೇಳಿದ್ದೇ ತಪ್ಪಾದ ಮೇಲೆ ಉತ್ತರದ ತಪ್ಪನ್ನು ಹಿಡಿದು ಜಗ್ಗುವಂತಿಲ್ಲ.

ಎರಡನೆಯದು 2016ರ ಅವತಾರ್ ಸಿಂಗ್ ತೀರ್ಪು. ಪೊಲೀಸ್ ಮತ್ತಿತರ ನೇಮಕಾತಿಗಳಲ್ಲಿ ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣವನ್ನು ದೃಢೀಕರಣ ನಮೂನೆಯಲ್ಲಿ ಮುಚ್ಚಿಟ್ಟವರ ವಿಷಯ ಅದು. ನಮೂನೆಯಲ್ಲಿ ಕೊಟ್ಟ ಮಾಹಿತಿ ನಿಜವಾಗಿರಬೇಕು, ಮುಚ್ಚಿಟ್ಟರೆ ನೇಮಕಾತಿ ರದ್ದಾಗಬಹುದು ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಕಡಕ್ಕಾಗಿ ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು, ಅರ್ಜಿದಾರರಿಗೆ ಬೇಕಾದ್ದು ಅದು: ಪ್ರಶ್ನೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟವಾಗಿ ಕೇಳಿದ್ದನ್ನು ಮಾತ್ರ ತಿಳಿಸುವ ಬಾಧ್ಯತೆ ಅರ್ಜಿದಾರರದು.

ಗ್ಯಾಪಿನ ಪ್ರಶ್ನೆಗೆ ಈ ಎರಡನ್ನು ಹೀಗೆ ಹೊಂದಿಸಬಹುದು. "ಕಳೆದ ಐದು ವರ್ಷಗಳಲ್ಲಿ ಉದ್ಯೋಗದಲ್ಲಿ ಇಲ್ಲದ ಅವಧಿ ತಿಳಿಸಿ" ಎಂಬ ಕಾಲಂ ಇದ್ದರೆ ತಿಂಗಳು ಸಮೇತ ಬರೆಯಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾರಣ ಕೇಳಿದರೆ "ಆರೋಗ್ಯ", "ಕುಟುಂಬದ ಹಿರಿಯರ ಆರೈಕೆ", "ಮಗುವಿನ ಪಾಲನೆ" ಎಂದು ಬರೆದರೆ ನಿಜ ಹೇಳಿದಂತಾಯಿತು. ಯಾವ ಕಾಯಿಲೆ, ಎಷ್ಟು ಮಾತ್ರೆ, ಗರ್ಭಪಾತವೇ, ಗಂಡನೊಂದಿಗೆ ಜಗಳವೇ? ಅದನ್ನು ಬಿಡಿಸಿ ಹೇಳದಿದ್ದರೆ ಮೋಸವಾಗುವುದಿಲ್ಲ. ಖಿನ್ನತೆಗೆ ಚಿಕಿತ್ಸೆ ಪಡೆದವರ ವಿವರ ಗುಟ್ಟಾಗಿ ಉಳಿಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದನ್ನು ಅದೇ ವರ್ಷದ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಕೆಲಸವೇ ಆರೋಗ್ಯವನ್ನು ನೆಚ್ಚಿದ್ದಾದರೆ ಮಾತು ಬೇರೆ. ಬಸ್ಸು ಓಡಿಸುವವರು ಫಿಟ್ಸ್ ಕಾಯಿಲೆಯನ್ನು ಮುಚ್ಚಿಟ್ಟರೆ ಅದು ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ಗ್ಯಾಪ್ ಅಲ್ಲದ ಗ್ಯಾಪ್

ಎಷ್ಟೋ ಮಂದಿ ಗ್ಯಾಪ್ ಇಲ್ಲದ ಕಡೆ ಗ್ಯಾಪ್ ಬರೆದು ತಮ್ಮ ಮೇಲೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ.

ಹೆರಿಗೆ ರಜೆ ಗ್ಯಾಪ್ ಅಲ್ಲ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರ ಸಿಗುತ್ತದೆ. ಅಷ್ಟೂ ಕಾಲ ನೀವು ಕೆಲಸದಲ್ಲೇ ಇದ್ದೀರಿ. ರಜೆ ಮುಗಿದ ಮೇಲೆ ಮಗುವಿಗಾಗಿ ಕೆಲಸ ಬಿಟ್ಟಿದ್ದರೆ ಲೆಕ್ಕ ಆ ದಿನದಿಂದ ಶುರು, ಹೆರಿಗೆಯ ದಿನದಿಂದಲ್ಲ. ಬಯೋಡೇಟಾದಲ್ಲಿ ಅರ್ಧ ವರ್ಷವನ್ನು ಸುಮ್ಮನೆ ಬಿಟ್ಟುಕೊಡುವ ಹೆಂಗಸರು ಸಾಕಷ್ಟಿದ್ದಾರೆ.

ಬೀಡಿ ಕಟ್ಟಿದ ವರ್ಷಗಳು ಗ್ಯಾಪ್ ಅಲ್ಲ. ಮನೆಯ ಚಾವಡಿಯಲ್ಲಿ ಮೊರ ತೊಡೆಯ ಮೇಲಿಟ್ಟು ಎಲೆ ಕತ್ತರಿಸುತ್ತಾ ಕೂತವರನ್ನು "ಮನೆಯಲ್ಲೇ ಇದ್ದಾಳೆ" ಎನ್ನುವುದು ವಾಡಿಕೆ. ಕಾನೂನು ಹಾಗೆನ್ನುವುದಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಕೂತು ಬೀಡಿ ಕಟ್ಟುವವರೂ ಭವಿಷ್ಯನಿಧಿಯ ಮಟ್ಟಿಗೆ ನೌಕರರೇ ಎಂದಿತು. ಪಿಎಫ್ ಇರುವ ಬೀಡಿ ಕೆಲಸಗಾರ್ತಿಗೆ ಸಾಫ್ಟ್‌ವೇರ್ ಎಂಜಿನಿಯರಿಗೆ ಇರುವಷ್ಟೇ ಗಟ್ಟಿ ದಾಖಲೆ ಇದೆ. ಆಸ್ಪತ್ರೆಯ ಹೌಸ್‌ಕೀಪಿಂಗಿಗೋ ಕಾರ್ಕಳದ ಗೇರುಬೀಜ ಕಾರ್ಖಾನೆಗೋ ಅರ್ಜಿ ಹಾಕುವಾಗ "ಗೃಹಿಣಿ" ಎಂದು ಬರೆದು ಅದನ್ನು ಅಳಿಸಿಹಾಕುವುದೇಕೆ?

ಮಲ್ಲಿಗೆಗೆ ಪಿಎಫ್ ಇಲ್ಲ, ಆದರೆ ಲೆಕ್ಕವಿದೆ. ಶಂಕರಪುರದ ಸುತ್ತಿನ ಮನೆಗಳಲ್ಲಿ ಬೆಳಗಾಗುವ ಹೊತ್ತಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ದರ ನಿಗದಿಯಾಗುವ ಹೊತ್ತಿಗೆ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆ, ನೇಮ, ಜಾತ್ರೆಗಳ ಸೀಸನಿನಲ್ಲಿ ಏರುತ್ತದೆ, ಮಳೆ ಹೊಡೆದರೆ ಹೂವೇ ಇಲ್ಲ. ಮೂರು ವರ್ಷ ಇದನ್ನು ನಿಭಾಯಿಸಿದ ಹೆಣ್ಣುಮಗಳು ಉಡುಪಿಯ ಸಹಕಾರಿ ಸಂಘದಲ್ಲಿ ಕ್ಲರ್ಕ್ ಕೆಲಸಕ್ಕೆ ಹೋಗುವಾಗ ಹೀಗೆ ಬರೆಯಬಹುದು: "ಜೂನ್ 2021 – ಆಗಸ್ಟ್ 2024: ಮಾವನವರ ಆರೈಕೆಗಾಗಿ ಮನೆಯಲ್ಲಿದ್ದೆ. ಜೊತೆಗೆ 60 ಗಿಡಗಳ ಮಲ್ಲಿಗೆ ಕೃಷಿ; ದಿನದ ಮಾರಾಟ, ಖರ್ಚುಗಳ ಲೆಕ್ಕ ಇಟ್ಟಿದ್ದೇನೆ." ಇಷ್ಟು ಸಾಕು. ಇದನ್ನೇ "ಹೂ ಉದ್ಯಮದ ವ್ಯವಸ್ಥಾಪಕ ನಿರ್ದೇಶಕಿ" ಎಂದು ಬರೆಯಲು ಹೇಳಿಕೊಡುವವರೂ ಇದ್ದಾರೆ. ಬೇಡ. ಎದುರಿಗೆ ಕೂತವರ ಮನೆಯಲ್ಲೂ ಮಲ್ಲಿಗೆ ಗಿಡ ಇದ್ದೀತು.

ಪರೀಕ್ಷೆಗೆ ಓದಿದವರು "ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ" ಎಂದು ಬರೆದು ನಿಲ್ಲಿಸದೆ ಯಾವ ಪರೀಕ್ಷೆ, ಯಾವ ವರ್ಷ, ಎಲ್ಲಿಯವರೆಗೆ ದಾಟಿದಿರಿ ಎಂದೂ ಸೇರಿಸಿ. ಹಾಲ್ ಟಿಕೆಟುಗಳನ್ನು ಎಸೆಯಬೇಡಿ. ಪಾಸಾಗದ ಪರೀಕ್ಷೆಯ ಹಾಲ್ ಟಿಕೆಟ್ ಕೂಡ ಆ ವರ್ಷ ನೀವು ಸುಮ್ಮನೆ ಕೂತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ.

ಗ್ಯಾಪನ್ನೇ ಅರ್ಹತೆಯಾಗಿ ಎಣಿಸುವ ಕಡೆಗಳೂ ಇವೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002–03ರಲ್ಲಿ ಆರಂಭಿಸಿದ ಮಹಿಳಾ ವಿಜ್ಞಾನಿ ಯೋಜನೆ ಸಂಶೋಧನೆಯನ್ನು ನಡುವೆ ಬಿಟ್ಟ ಹೆಂಗಸರಿಗಾಗಿಯೇ ಹುಟ್ಟಿದ್ದು. ಟಾಟಾ ಸಮೂಹ 2008ರಲ್ಲಿ ಇಂಥದೇ ಮರುಪ್ರವೇಶದ ಕಾರ್ಯಕ್ರಮ ತಂದಿತು. ಉದ್ಯೋಗ ಹುಡುಕುವವರ ಲಿಂಕ್ಡ್‌ಇನ್ ತಾಣ 2022ರಲ್ಲಿ ಕೆಲಸದ ಪಟ್ಟಿಯೊಳಗೇ ವಿರಾಮವನ್ನು ನಮೂದಿಸುವ ಜಾಗ ಮಾಡಿಕೊಟ್ಟಿತು.

ದಾದಿಯರು ಮತ್ತು ಗಲ್ಫ್

ದಾದಿಯರಿಗೆ ಗ್ಯಾಪ್ ಅಂಕಿಯಲ್ಲೇ ಬರುತ್ತದೆ. ಬ್ರಿಟನ್ನಿನಲ್ಲಿ ನೋಂದಣಿ ಉಳಿಸಿಕೊಳ್ಳಬೇಕಾದರೆ ಮೂರು ವರ್ಷದಲ್ಲಿ 450 ಗಂಟೆ ಕೆಲಸ ಮಾಡಿರಬೇಕು. ಗಲ್ಫ್ ದೇಶಗಳ ಪರವಾನಗಿ ಮಂಡಳಿಗಳು ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ನೀವು ಕೊಟ್ಟ ಪ್ರಮಾಣಪತ್ರವನ್ನು ಅದನ್ನು ಕೊಟ್ಟ ಆಸ್ಪತ್ರೆಗೇ ಕಳುಹಿಸಿ ಕೇಳುತ್ತವೆ. ಉಡುಪಿಯ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿದದ್ದನ್ನು ಎರಡು ಮಾಡಿಸಿ ತಂದ ಕಾಗದ ಅಲ್ಲಿ ಸಿಕ್ಕಿಬಿದ್ದರೆ ಆ ಒಂದು ಕೆಲಸವಷ್ಟೇ ಹೋಗುವುದಿಲ್ಲ, ಪರವಾನಗಿಯ ದಾರಿಯೇ ಕಟ್ಟುತ್ತದೆ. ಗ್ಯಾಪ್ ಬಿದ್ದ ದಾದಿ ಮೊದಲು ಊರಿನ ಆಸ್ಪತ್ರೆಯೊಂದರಲ್ಲಿ ಕಡಿಮೆ ಸಂಬಳಕ್ಕಾದರೂ ಸೇರಿ ಕೈ ಪಳಗಿಸಿಕೊಳ್ಳುವುದು ಮೇಲು. ಇದು ಕಹಿ ಸಲಹೆ, ಆದರೆ ರೋಗಿಯ ಕಡೆಯಿಂದ ನೋಡಿದರೆ ನ್ಯಾಯದ್ದೇ.

ಗಲ್ಫಿನಿಂದ ಮರಳಿದವರಿಗೆ ಪಾಸ್‌ಪೋರ್ಟೇ ದೊಡ್ಡ ದಾಖಲೆ. ಒಳಹೋದ, ಹೊರಬಂದ ಮೊಹರು, ವೀಸಾ ಪುಟ, ಫೈನಲ್ ಸೆಟ್ಲ್‌ಮೆಂಟಿನ ಕಾಗದ ಇಷ್ಟನ್ನು ಒಂದು ಫೈಲಿನಲ್ಲಿ ಇಡಿ. ಅವಧಿ ಮುಗಿದ ಹಳೆಯ ಪಾಸ್‌ಪೋರ್ಟನ್ನೂ ಬಿಸಾಡಬೇಡಿ. ಕಂಪನಿ ಮುಚ್ಚಿಹೋಗಿ ಅನುಭವ ಪತ್ರ ಸಿಗದೇ ಇದ್ದರೆ ಇವೇ ನಿಮ್ಮ ಪರ ಮಾತಾಡುತ್ತವೆ.

ಕೆಲಸದಿಂದ ತೆಗೆದಿದ್ದರೆ

ಎಲ್ಲಕ್ಕಿಂತ ಕಷ್ಟದ್ದು ಇದು. ಕೆಲಸ ಕಡಿತವಾಗಿ ಹೋಗಿದ್ದರೆ ಹೇಳುವುದು ಸುಲಭ: "ಆ ವಿಭಾಗವನ್ನೇ ಮುಚ್ಚಿದರು." ನಿಮ್ಮನ್ನೇ ತೆಗೆದಿದ್ದರೆ? "ನಾನೇ ಬಿಟ್ಟೆ" ಎಂದರೆ ಸುಳ್ಳು. ಹಳೆಯ ಕಂಪನಿಗೆ ಒಂದು ಫೋನು ಹೋದರೆ ಮುಗಿಯಿತು. ಹಳೆಯ ಬಾಸನ್ನು ಬೈಯುತ್ತಾ ಕೂತರೆ ಎದುರಿಗಿದ್ದವರು ನಾಳೆ ತಮ್ಮ ಸರದಿ ಎಂದು ಎಣಿಸುತ್ತಾರೆ. ಹೀಗೆ ಹೇಳಿ ನೋಡಿ:

"ಸರ್, ಆ ಕೆಲಸದಲ್ಲಿ ಟಾರ್ಗೆಟ್ ಮುಟ್ಟಲಿಕ್ಕೆ ನನ್ನಿಂದ ಆಗಲಿಲ್ಲ. ಆರು ತಿಂಗಳ ನಂತರ ಬಿಡಲಿಕ್ಕೆ ಹೇಳಿದ್ರು. ಸೇಲ್ಸ್ ನನಗೆ ಹೇಳಿದ್ದಲ್ಲ ಅಂತ ಗೊತ್ತಾಯ್ತು. ಅದಕ್ಕೇ ಈಗ ಅಕೌಂಟ್ಸ್ ಕೆಲಸಕ್ಕೆ ಮಾತ್ರ ಅರ್ಜಿ ಹಾಕ್ತಿದ್ದೇನೆ."

"ಮತ್ತೆ ಈ ಒಂಬತ್ತು ತಿಂಗಳು?"

"ಮನೆಯಲ್ಲಿದ್ದೆ. ಟ್ಯಾಲಿ ಕೋರ್ಸ್ ಮುಗಿಸಿದೆ. ಅಪ್ಪನ ಅಂಗಡಿಯ ಜಿಎಸ್‌ಟಿ ರಿಟರ್ನ್ಸ್ ನಾನೇ ಹಾಕಿದ್ದು."

ಇಲ್ಲಿಗೆ ನಿಲ್ಲಿಸಬೇಕು. ಉತ್ತರ ಮುಗಿದ ಮೇಲೂ ಮಾತಾಡುತ್ತಾ ಹೋಗುವುದೇ ನಮ್ಮವರ ದೌರ್ಬಲ್ಯ. ಎದುರಿನವರು ಒಂದು ಕ್ಷಣ ಸುಮ್ಮನಾದರೆ ಆ ಮೌನವನ್ನು ತುಂಬುವ ಜವಾಬ್ದಾರಿ ನಿಮ್ಮದಲ್ಲ. ಹೇಳುವ ಕೋರ್ಸು ನಿಜಕ್ಕೂ ಮಾಡಿರಬೇಕು, ಅದು ಬೇರೆ ಮಾತು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಬ್ರಹ್ಮಾವರ ಕೇಂದ್ರದಂಥ ಕಡೆ ಅಲ್ಪಾವಧಿಯ ತರಬೇತಿಗಳು ಸಿಗುತ್ತವೆ. ಅಲ್ಲಿ ಹೊಲಿಗೆಯನ್ನೋ ಮೊಬೈಲ್ ರಿಪೇರಿಯನ್ನೋ ಕಲಿತು ನಾಲ್ಕು ಗಿರಾಕಿಗಳನ್ನು ಕಂಡವರ ಉತ್ತರಕ್ಕೆ ಒಂದು ತೂಕ ಬರುತ್ತದೆ.

ನಕಲಿ ಅನುಭವ ಪತ್ರ ಮಾರುವವರು ಬೆಂಗಳೂರಿನಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಸಿಗುತ್ತಾರೆ. ಇಲ್ಲದ ಕಂಪನಿಯ ಲೆಟರ್‌ಹೆಡ್ಡು, ಫೋನ್ ಮಾಡಿದರೆ "ಹೌದು, ನಮ್ಮಲ್ಲಿದ್ದರು" ಎನ್ನಲು ಒಬ್ಬ ಮನುಷ್ಯ, ಸಂಬಳದ ಚೀಟಿ, ಎಲ್ಲ ಸೇರಿಸಿ ಒಂದು ದರ. 2022ರ ನವೆಂಬರಿನಲ್ಲಿ ಅಕ್ಸೆಂಚರ್ ಇಂಡಿಯಾ ಇಂಥ ಇಲ್ಲದ ಕಂಪನಿಗಳ ಪತ್ರ ತಂದು ಸೇರಿದ್ದವರನ್ನು ಪತ್ತೆಹಚ್ಚಿ ಹೊರಗೆ ಕಳುಹಿಸಿರುವುದಾಗಿ ಬಹಿರಂಗವಾಗಿ ಹೇಳಿತು. ಅವರಲ್ಲಿ ಕೆಲಸ ಬಲ್ಲವರೂ ಇದ್ದಿರಬೇಕು. ಈಗ ಅವರ ಬಯೋಡೇಟಾದಲ್ಲಿ ಗ್ಯಾಪಿನ ಜೊತೆಗೆ ಇನ್ನೊಂದು ಕತೆಯನ್ನೂ ಹೇಳಬೇಕಾಗಿ ಬಂತು.

ಸಂಬಳದ ಮಾತು

ಎಲ್ಲ ಮುಗಿದು ಕೆಲಸ ಸಿಗುವ ಹಂತದಲ್ಲಿ ಒಂದು ಚೌಕಾಸಿ ಇರುತ್ತದೆ. "ಗ್ಯಾಪ್ ಉಂಟಲ್ಲ, ಈಗ ಇಷ್ಟೇ ಕೊಡಲಿಕ್ಕೆ ಆಗುವುದು." ಇದಕ್ಕೆ ಪ್ರತಿಯಾಗಿ ಹಿಂದಿನ ಸಂಬಳವನ್ನು ಎರಡು ಸಾವಿರ ಏರಿಸಿ ಹೇಳುವುದು ತೀರಾ ಸಾಮಾನ್ಯ, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಫಾರಂ 16 ಕೇಳಿದಾಗ ಅದು ಬಿದ್ದುಹೋಗುತ್ತದೆ. ಇದ್ದ ಸಂಬಳವನ್ನು ಇದ್ದ ಹಾಗೆ ಹೇಳಿ. ಕಡಿಮೆ ಕೊಡುವುದಕ್ಕೆ ಗ್ಯಾಪ್ ನೆಪ ಆಗುವ ಕಡೆ ತಲೆ ತಗ್ಗಿಸಬೇಕಾಗಿಯೂ ಇಲ್ಲ. ಎರಡು ವರ್ಷ ಮನೆಯಲ್ಲಿದ್ದರೆಂದು ಅಕೌಂಟ್ಸ್ ಬಲ್ಲವರಿಗೆ ಅಕೌಂಟ್ಸ್ ಮರೆತುಹೋಗುವುದಿಲ್ಲ. ಮರೆತ ಭಾಗ ಹೊಸ ನಿಯಮಗಳಷ್ಟೇ, ಅದನ್ನು ಕಲಿಯಲು ಬೇಕಾದದ್ದು ತಿಂಗಳುಗಳು, ವರ್ಷಗಳಲ್ಲ.

ಆದ್ದರಿಂದ ಕೇಳಬೇಕಾದ್ದು ಹೀಗೆ: "ಈಗ ನೀವು ಹೇಳಿದ ಸಂಬಳಕ್ಕೆ ಸೇರುತ್ತೇನೆ. ಆರು ತಿಂಗಳಾದ ಮೇಲೆ ಕೆಲಸ ನೋಡಿ ಉಳಿದವರ ಮಟ್ಟಕ್ಕೆ ತರುತ್ತೀರಾದರೆ ಅದನ್ನು ನೇಮಕಾತಿ ಪತ್ರದಲ್ಲಿ ಒಂದು ಸಾಲು ಹಾಕಿ ಕೊಡಿ." ಕೆಲವರು ಹಾಕಿಕೊಡುತ್ತಾರೆ. ಕೆಲವರು "ಬಾಯಲ್ಲಿ ಹೇಳಿದ್ದು ಸಾಲದಾ ಮಾರಾಯ್ರೆ" ಎನ್ನುತ್ತಾರೆ. ಆಗ ಅದೇ ದಿನ ಸಂಜೆ, ಇವತ್ತು ಮಾತಾಡಿದ್ದು ಇಂತಿಂಥದ್ದು ಎಂದು ನೀವೇ ಒಂದು ಮೇಲ್ ಕಳುಹಿಸಿ. ನೇಮಕಾತಿ ಪತ್ರದ ಪ್ರತಿಯನ್ನೂ ಆ ಮೇಲಿನ ಪ್ರಿಂಟನ್ನೂ ಪಿಎಫ್ ಕಾಗದಗಳ ಜೊತೆ ಒಂದೇ ಫೈಲಿನಲ್ಲಿಡಿ.